ಹೋಮಿಂಗ್ ಕೈಕೊಡ್ತಿದ್ಯಾ? ಸ್ವಿಚ್ ಬದಲಾಯಿಸೋಕೆ ಮುಂಚೆ ವೈರ್ ನೋಡಿ

ಪ್ರಶ್ನೆ: ಬಾಗಿಲು ಕೆತ್ತನೆಗೆ ಅಂತ 4 ಬೈ 2 ಅಡಿ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದ ಹಾಗೆ ಕೆತ್ತೋ ಮೆಷಿನ್) ಮಾಡ್ಕೊಂಡಿದೀನಿ ಸರ್. ಆರ್ಡ್ವಿನೋ ಊನೋ, ಸಿಎನ್‌ಸಿ ಶೀಲ್ಡ್ ವಿ3, ಅದರಲ್ಲಿ ಮೆಷಿನ್ ಓಡಿಸೋ ಸಾಫ್ಟ್‌ವೇರ್ ಜಿಆರ್‌ಬಿಎಲ್ 1.1, ಸ್ಪಿಂಡಲ್ (ಕೆತ್ತೋ ಬಿಟ್ ತಿರುಗಿಸೋ ಮೋಟರ್) ವಿಎಫ್‌ಡಿಯಲ್ಲಿ (ಮೋಟರ್ ಸ್ಪೀಡ್ ಬದಲಾಯಿಸೋ ಡ್ರೈವ್) ಓಡತ್ತೆ. ಕೆಲಸ ಅರ್ಧ ಆಗಿರುವಾಗ ಅಲಾರ್ಮ್ 1 ಅಂತ ನಿಂತ್ಹೋಗತ್ತೆ, ನೋಡಿದ್ರೆ ಗ್ಯಾಂಟ್ರಿ (ಸ್ಪಿಂಡಲ್ ಹೊತ್ತು ಓಡಾಡೋ ಚೌಕಟ್ಟು) ಕೊನೇಲಿರೋ ಯಾವ ಲಿಮಿಟ್ ಸ್ವಿಚ್ ಹತ್ರನೂ ಇರಲ್ಲ. ಸ್ವಿಚ್ ಎಲ್ಲಾ ಹೊಸದು ಹಾಕಿದೆ, ಅದೇ ಗೋಳು. ಇನ್ನು ಹೋಮಿಂಗ್ (ಮೆಷಿನ್ ತನ್ನ ಶುರುವಿನ ಜಾಗ ಹುಡುಕೋದು) ಕೊಟ್ರೆ ಝಡ್ ಮೇಲೆ ಹೋಗಿ ಗುದ್ದಿ ಕಟಕಟ ಅನ್ನತ್ತೆ, ಎಕ್ಸ್ ವೈ ಅಲ್ಲಾಡೋದೇ ಇಲ್ಲ.

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆ, ಒಂದಕ್ಕೊಂದು ಸಂಬಂಧ ಇಲ್ಲ. ಝಡ್‌ದು ಸುಲಭ, ಅದನ್ನ ಮೊದಲು ಮುಗಿಸೋಣ. ಆ ಶೀಲ್ಡ್ ಡಿಸೈನ್ ಆಗಿದ್ದು ಹಳೇ ಜಿಆರ್‌ಬಿಎಲ್‌ಗೆ, ಆವಾಗ ಝಡ್ ಲಿಮಿಟ್ ಡಿ11 ಪಿನ್‌ನಲ್ಲಿತ್ತು. ಆಮೇಲೆ ಸ್ಪಿಂಡಲ್ ಸ್ಪೀಡ್ ಕಂಟ್ರೋಲ್‌ಗೆ ಪಿಡಬ್ಲ್ಯುಎಂ (ಪಲ್ಸ್ ಸಿಗ್ನಲ್) ಬೇಕು ಅಂತ ಡಿ11ನ್ನ ಸ್ಪಿಂಡಲ್‌ಗೆ ಕೊಟ್ಟು ಝಡ್ ಲಿಮಿಟ್‌ನ ಡಿ12ಗೆ ತಳ್ಳಿದ್ರು, ಆದ್ರೆ ಬೋರ್ಡ್ ಮೇಲಿನ ಅಕ್ಷರ ಹಾಗೇ ಉಳ್ಕೊಂಡಿದೆ. ಹಾಗಾಗಿ ನಿಮ್ಮ ಝಡ್ ಸ್ವಿಚ್ ವೈರನ್ನ ಶೀಲ್ಡ್‌ನಲ್ಲಿ ಸ್ಪಿಂಡಲ್ ಎನೇಬಲ್ ಅಂತ ಇರೋ ಪಿನ್‌ಗೆ ಹಾಕಿ. ಹೋಮಿಂಗ್‌ನಲ್ಲಿ ಮೊದಲು ಝಡ್, ಆಮೇಲೇ ಎಕ್ಸ್ ವೈ. ಝಡ್ ಸ್ವಿಚ್ ಸಿಗದೇ ಇದ್ರೆ ಉಳಿದವು ಹೊರಡೋದೇ ಇಲ್ಲ, ನಿಮಗಾಗ್ತಿರೋದು ಅದೇ.

ಈಗ ಅಲಾರ್ಮ್ 1. ಇದು ಹಾರ್ಡ್ ಲಿಮಿಟ್, ಅಂದ್ರೆ ಸ್ವಿಚ್ ಒತ್ತಿತು ಅಂತ ಬೋರ್ಡ್‌ಗೆ ಅನ್ನಿಸಿದೆ. ನಿಜವಾಗ್ಲೂ ಒತ್ತಿದ್ಯಾ ಅನ್ನೋದು ಬೇರೆ ಮಾತು. ಮೆಷಿನ್ ನಿಲ್ಸಿ, ಕನ್ಸೋಲ್‌ನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಕಳಿಸಿ ನೋಡಿ, ಸ್ಟೇಟಸ್ ಲೈನ್‌ನಲ್ಲಿ ಪಿಎನ್ ಅಂತ ಬಂದು ಪಕ್ಕದಲ್ಲಿ ಆಕ್ಸಿಸ್ ಅಕ್ಷರ ಕಾಣ್ತಿದ್ರೆ ಆ ಸ್ವಿಚ್ ಒತ್ತಿದೆ ಅಂತ ಅರ್ಥ. ಬೆರಳಲ್ಲಿ ಒಂದೊಂದೇ ಸ್ವಿಚ್ ಒತ್ತಿ ಅಕ್ಷರ ಬರತ್ತಾ ಹೋಗತ್ತಾ ನೋಡಿ. ಏನೂ ಒತ್ತದೇನೇ ಮೂರೂ ಕಾಣ್ತಿದ್ರೆ $5 (ಸ್ವಿಚ್ ಸಿಗ್ನಲ್ ತಿರುಗಿಸೋ ಜಿಆರ್‌ಬಿಎಲ್ ಸೆಟ್ಟಿಂಗ್) ಉಲ್ಟಾ ಆಗಿದೆ ಅಷ್ಟೇ. ಇಷ್ಟು ಸರಿ ಇದ್ರೆ ಸ್ಪಿಂಡಲ್ ಆಫ್ ಇಟ್ಕೊಂಡು ಅದೇ ಫೈಲನ್ನ ಗಾಳಿಯಲ್ಲೇ ಓಡಿಸಿ. ಅಲಾರ್ಮ್ ಬರ್ಲಿಲ್ಲ, ಸ್ಪಿಂಡಲ್ ಹಾಕಿದ ಮೇಲೆ ಬಂತು ಅಂದ್ರೆ ಕಳ್ಳ ಸಿಕ್ಕ: ವಿಎಫ್‌ಡಿ ನಾಯ್ಸ್. ಎಷ್ಟು ಹೊಸ ಸ್ವಿಚ್ ಹಾಕಿದ್ರೂ ಇದು ಹೋಗಲ್ಲ.

ಯಾಕೆ ಹೀಗೆ ಅಂದ್ರೆ, ನೀವು ಬಹುಶಃ ಸ್ವಿಚ್‌ನ ಎನ್‌ಓ ಅಂದ್ರೆ ನಾರ್ಮಲಿ ಓಪನ್ ಕಾಂಟ್ಯಾಕ್ಟ್‌ಗೆ ವೈರ್ ಹಾಕಿದೀರ. ಒತ್ತದೇ ಇದ್ದಾಗ ಆ ಉದ್ದನೆ ವೈರನ್ನ 5 ವೋಲ್ಟ್‌ನಲ್ಲಿ ಹಿಡ್ಕೊಂಡಿರೋದು ಚಿಪ್ ಒಳಗಿನ ಪುಲ್‌ಅಪ್ ರೆಸಿಸ್ಟರ್ ಒಂದೇ, ಅದೂ 20ರಿಂದ 50 ಕಿಲೋ ಓಮ್, ತೀರಾ ಸಡಿಲ ಹಿಡಿತ, ವೈರ್ ಆಂಟೆನಾ ಆಗ್ಬಿಡತ್ತೆ. ಅದನ್ನೇ ಎನ್‌ಸಿ ಅಂದ್ರೆ ನಾರ್ಮಲಿ ಕ್ಲೋಸ್ಡ್‌ಗೆ ಬದಲಾಯಿಸಿದ್ರೆ ವೈರ್ ಸದಾ ನೇರವಾಗಿ ಗ್ರೌಂಡ್‌ಗೆ ಕಟ್ಟಿದ ಹಾಗಿರತ್ತೆ, ನಾಯ್ಸ್ ಅಷ್ಟು ಸುಲಭಕ್ಕೆ ಅಲ್ಲಾಡ್ಸಕ್ಕಾಗಲ್ಲ, ಮತ್ತೆ ವೈರ್ ಕಟ್ ಆದ್ರೆ ತಕ್ಷಣ ಅಲಾರ್ಮ್ ಬಂದು ಗೊತ್ತಾಗತ್ತೆ. ಎನ್‌ಓದಲ್ಲಿ ಕಟ್ ಆದ್ರೆ ಗ್ಯಾಂಟ್ರಿ ಹೋಗಿ ಗುದ್ದಿದಾಗ್ಲೇ ಗೊತ್ತಾಗೋದು. ಎನ್‌ಸಿ ಮಾಡಿದ ಮೇಲೆ $5=1 ಕೊಡೋದು ಮರೀಬೇಡಿ. ಇನ್ನೊಂದು, ಆ ಶೀಲ್ಡ್‌ನಲ್ಲಿ ಎಕ್ಸ್ ಪ್ಲಸ್, ಎಕ್ಸ್ ಮೈನಸ್ ಎರಡೂ ಒಳಗೊಳಗೇ ಒಂದೇ ಪಿನ್. ಎರಡು ಎನ್‌ಸಿ ಸ್ವಿಚ್‌ನ ಒಂದೊಂದು ಸಾಕೆಟ್‌ಗೆ ಹಾಕಿದ್ರೆ ಪ್ಯಾರಲಲ್ ಆಗಿ ಒಂದು ಒತ್ತಿದ್ರೂ ಬೋರ್ಡ್‌ಗೆ ಏನೂ ಗೊತ್ತಾಗಲ್ಲ! ಎರಡನ್ನೂ ಸೀರೀಸ್‌ನಲ್ಲಿ ಒಂದೇ ಸಾಕೆಟ್‌ಗೆ ತನ್ನಿ.

ಆಮೇಲೆ ಸ್ವಿಚ್ ವೈರನ್ನೂ ಸ್ಪಿಂಡಲ್ ಕೇಬಲನ್ನೂ ಒಂದೇ ಡ್ರ್ಯಾಗ್ ಚೈನ್‌ನಲ್ಲಿ ಒತ್ತಿ ಕಳಿಸಿದ್ರೆ ಬಿಡಿಸಿ. ಸ್ವಿಚ್‌ಗೆ ಶೀಲ್ಡೆಡ್ ಕೇಬಲ್, ಅದರ ಜಾಲರಿ ಬೋರ್ಡ್ ಕಡೆ ಒಂದೇ ತುದಿಯಲ್ಲಿ ಗ್ರೌಂಡ್. ಪಿನ್ ಹತ್ರ ಗ್ರೌಂಡ್‌ಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, 5 ವೋಲ್ಟ್‌ಗೆ 4.7 ಕಿಲೋ ಓಮ್ ರೆಸಿಸ್ಟರ್. ಎಲ್ಲಾ ಸೇರಿ ಒಂದು ಕಾಫಿ ದುಡ್ಡು. ವಿಎಫ್‌ಡಿ ಅರ್ತಿಂಗ್ ಸರಿ ಇದ್ಯಾ ನೋಡಿ, ಆದ್ರೆ ಕರೆಂಟ್ ತೆಗೆದ ತಕ್ಷಣ ಒಳಗೆ ಕೈ ಹಾಕ್ಬೇಡಿ, ಅದರ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರತ್ತೆ.

ಕೆಲವರು $26 ಜಾಸ್ತಿ ಮಾಡಿ ಅಂತಾರೆ. ಅದು ಹೋಮಿಂಗ್ ಟೈಮಿನ ಡಿಬೌನ್ಸ್ (ಸ್ವಿಚ್ ಅದುರೋದು ನಿಲ್ಲೋವರೆಗೆ ಕಾಯೋ ಸಮಯ) ಮಾತ್ರ, ಕೆಲಸದ ಮಧ್ಯೆ ಬರೋ ಹಾರ್ಡ್ ಲಿಮಿಟ್‌ಗೆ ಅದರಿಂದ ಉಪಯೋಗ ಇಲ್ಲ. $21=0 ಮಾಡಿ ಹಾರ್ಡ್ ಲಿಮಿಟ್‌ನ ಬಾಯಿ ಮುಚ್ಸೋರೂ ಇದಾರೆ, ತೊಂದರೆ ಹುಡುಕೋವರೆಗೆ ಓಕೆ, ಹಾಗೇ ಬಿಡ್ಬೇಡಿ. ಮತ್ತೆ ಅಲಾರ್ಮ್ 1 ಬಂದಾಗ $X ಕೊಟ್ಟು ಅಲಾರ್ಮ್ ತೆಗೆದು ನಿಂತಲ್ಲಿಂದಾನೇ ಕೆಲಸ ಮುಂದುವರಿಸ್ಬೇಡಿ, ಮೋಟರ್ ಧಡಕ್ಕನೆ ನಿಂತಿರೋದ್ರಿಂದ ಪೊಸಿಷನ್ ನಂಬೋ ಹಾಗಿಲ್ಲ, ಮತ್ತೆ ಹೋಮ್ ಮಾಡ್ಲೇಬೇಕು.

ಪ್ರಶ್ನೆ: ನಮ್ಮ ಶಾಪ್‌ನಲ್ಲಿ ಫ್ಯಾನುಕ್ 0ಐ ಕಂಟ್ರೋಲರ್ ಇರೋ ಹಳೇ ವಿಎಂಸಿ (ಲೋಹ ಕೊರೆಯೋ ಸಿಎನ್‌ಸಿ ಮೆಷಿನ್) ಇದೆ. ಕೆಲವೊಂದು ದಿನ ಬೆಳಿಗ್ಗೆ ಹೋಮ್ ಮಾಡಿದ್ರೆ ಎಕ್ಸ್ ಸರಿಯಾಗಿ 10 ಎಂಎಂ ಆಚೆ ನಿಲ್ಲತ್ತೆ. ಅಲಾರ್ಮ್ ಏನೂ ಇಲ್ಲ.

ಉತ್ತರ: ಸರಿಯಾಗಿ 10 ಅಂದ್ರಲ್ಲ, ಅದೇ ಸುಳಿವು. ನಿಮ್ಮ ಬಾಲ್‌ಸ್ಕ್ರೂ ಪಿಚ್ (ಒಂದು ಸುತ್ತಿಗೆ ಸಾಗೋ ದೂರ) 10 ಎಂಎಂ ಇದ್ದು ಮೋಟರ್ ನೇರ ಕಪ್ಲಿಂಗ್ ಆಗಿದ್ರೆ ಅದು ಮೋಟರ್‌ನ ಒಂದು ಸುತ್ತು. ಇದರಲ್ಲಿ ಡಿಸೆಲರೇಷನ್ ಸ್ವಿಚ್ ಹೋಮ್ ಜಾಗ ತೀರ್ಮಾನ ಮಾಡಲ್ಲ. ಡಾಗ್ (ಆ ಸ್ವಿಚ್ ಒತ್ತೋ ಲೋಹದ ತುಂಡು) ಒತ್ತಿದಾಗ ಸ್ಪೀಡ್ ಇಳಿಯತ್ತೆ, ಡಾಗ್ ಬಿಟ್ಟ ಮೇಲೆ ಎನ್‌ಕೋಡರ್‌ನಿಂದ (ಮೋಟರ್ ಎಷ್ಟು ತಿರುಗಿತು ಅಂತ ಅಳೆಯೋದು) ಬರೋ ಮೊದಲ ಗ್ರಿಡ್‌ನಲ್ಲಿ, ಅಂದ್ರೆ ಸುತ್ತಿಗೊಂದು ಬರೋ ಗುರುತಿನಲ್ಲಿ ನಿಲ್ಲತ್ತೆ. ಡಾಗ್ ಬಿಡೋ ಜಾಗ ಗ್ರಿಡ್ ಪಕ್ಕದಲ್ಲೇ ಇದ್ರೆ, ಸ್ವಿಚ್ ಒಂಚೂರು ತಡ ಮಾಡಿದ್ರೂ ಆ ಗ್ರಿಡ್ ತಪ್ಪಿ ಮುಂದಿನದಕ್ಕೆ ಹೋಗತ್ತೆ.

ಡಯಾಗ್ನೋಸಿಸ್ ಪೇಜಿನಲ್ಲಿ 302 ನೋಡಿ, ಡಾಗ್ ಬಿಟ್ಟ ಜಾಗದಿಂದ ಮೊದಲ ಗ್ರಿಡ್‌ಗೆ ಎಷ್ಟು ದೂರ ಅಂತ ಅದರಲ್ಲಿ ಬರತ್ತೆ. ಅದು ಸುಮಾರು 5 ಎಂಎಂ, ಅಂದ್ರೆ ಪಿಚ್‌ನ ಅರ್ಧ ಇರ್ಬೇಕು. ಸೊನ್ನೆಗೋ 10ಕ್ಕೋ ಹತ್ರ ಇದ್ರೆ ಕಾರಣ ಅದೇ. ಮೊದಲು ಸ್ವಿಚ್ ಕವರ್ ಬಿಚ್ಚಿ, ಕೂಲೆಂಟ್ ಇಳಿದು ಪುಡಿ ಸೇರಿ ಪ್ಲಂಜರ್ ಅಂಟಂಟಾಗಿ ವಾಪಸ್ ಬರ್ತಿರತ್ತೆ, ರಾತ್ರಿ ಎಲ್ಲಾ ನಿಂತು ಬೆಳಿಗ್ಗೆ ಅದು ಇನ್ನೂ ಗಟ್ಟಿ. ಕ್ಲೀನ್ ಮಾಡಿ, ಆಗ್ಲಿಲ್ಲ ಅಂದ್ರೆ ಬದಲಾಯಿಸಿ, ಡಾಗ್ ಬೋಲ್ಟ್ ಸಡಿಲ ಇದ್ಯಾ ನೋಡಿ. ಆಮೇಲೆ ಸರಿಯಾದ ಹೋಮ್‌ನಲ್ಲಿ ಟೇಬಲ್‌ಗೆ ಗುರುತು ಹಾಕಿ, ಡಾಗ್‌ನ ಸುಮಾರು ಅರ್ಧ ಪಿಚ್ ಸರಿಸಿ, ಹೋಮ್ ಅದೇ ಗುರುತಿಗೆ ಬರತ್ತಾ ಅಂತ ಕೆಲವು ಸಲ ಮಾಡಿ ನೋಡಿ, ಬರ್ಲಿಲ್ಲ ಅಂದ್ರೆ ಇನ್ನೊಂದು ಕಡೆ ಸರಿಸಿ. 1850 ಪ್ಯಾರಾಮೀಟರ್‌ಗೆ ಕೈ ಹಾಕೋದು ನನಗೆ ಕೊನೇ ದಾರಿ, ಯಾಕಂದ್ರೆ ಅದು ಹೋಮನ್ನೇ ಸರಿಸತ್ತೆ, ವರ್ಕ್ ಆಫ್‌ಸೆಟ್ ಎಲ್ಲಾ ಮತ್ತೆ ಹಿಡೀಬೇಕು. ಝಡ್‌ನಲ್ಲಾದ್ರೆ ಟೂಲ್ ಚೇಂಜ್ ಪೊಸಿಷನ್ನೂ ಹೋಗತ್ತೆ.

ಪ್ರಶ್ನೆ: ಪ್ರಾಕ್ಸಿಮಿಟಿ ಸೆನ್ಸರ್ (ಮುಟ್ಟದೇ ಲೋಹ ಹಿಡಿಯೋದು) 4 ಎಂಎಂಗೆ ಹಿಡಿಯತ್ತೆ ಅಂತ ತಗೊಂಡೆ, ಅಲ್ಯೂಮಿನಿಯಂ ಬ್ರಾಕೆಟ್ ತೀರಾ ಹತ್ರ ಬರೋವರೆಗೂ ಲೈಟೇ ಹತ್ತಲ್ಲ.

ಉತ್ತರ: ಆ 4 ಎಂಎಂ ಕಬ್ಬಿಣಕ್ಕೆ ಹೇಳಿದ್ದು, ಅಲ್ಯೂಮಿನಿಯಂಗೆ ಅರ್ಧನೂ ಬರಲ್ಲ. ಬ್ರಾಕೆಟ್‌ಗೆ ಒಂದು ಕಬ್ಬಿಣದ ಬೋಲ್ಟ್ ಹಾಕಿ, ಅದರ ತಲೆ ಸೆನ್ಸರ್ ಮುಖಕ್ಕೆ ಎದುರಾಗಿ ಬರ್ಲಿ. ಸೆನ್ಸರ್‌ಗೆ 12 ವೋಲ್ಟ್ ಕೊಟ್ಟಿದ್ರೆ ಅದರ ಕಪ್ಪು ಅಂದ್ರೆ ಸಿಗ್ನಲ್ ವೈರನ್ನ ನೇರ ಆರ್ಡ್ವಿನೋ ಪಿನ್‌ಗೆ ಹಾಕ್ಬೇಡಿ, ಮಧ್ಯೆ ಆಪ್ಟೋಕಪ್ಲರ್ (ಸಿಗ್ನಲನ್ನ ಬೆಳಕಿನ ಮೂಲಕ ದಾಟಿಸೋ ಚಿಪ್) ಇರ್ಲಿ, ಇಲ್ಲಾಂದ್ರೆ ಆ ಪಿನ್ ಸುಟ್ಟೋಗಬಹುದು.