ಗಟ್ಟಿ ಹುಡುಗಿ ಅಂದ್ರೆ ಇನ್ನೊಂದು ಮೂಟೆನಾ?

(ಹೆಸರು, ಮನೆಯವರ ಕೆಲಸ, ಕೆಲವು ಘಟನೆಗಳ ವಿವರ ಬದಲಿಸಿದ್ದೇನೆ. ಪಾಲನೆ, ರಕ್ಷಣೆ ಬೇಕಾದ ಮಕ್ಕಳ ಗುರುತು ಬಿಟ್ಟುಕೊಡಬಾರದು ಅಂತ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಹೇಳದೇ ಇದ್ದಿದ್ದರೂ ಬದಲಿಸುತ್ತಿದ್ದೆ. ಬರೆದದ್ದನ್ನು ಆ ಹುಡುಗಿಗೆ ಓದಿ ಹೇಳಿದೆ. ಎರಡು ವಿಷಯ ಬೇಡ ಅಂದಳು, ತೆಗೆದೆ.)

ಸರೋಜಮ್ಮ ಸಲಹೆ ಕೇಳಿ ನನ್ನ ಹತ್ತಿರ ಬಂದದ್ದು ಒಂದು ಚೀಟಿ ಹಿಡಿದುಕೊಂಡು. ದಿನಸಿ ಪಟ್ಟಿಯ ಹಾಗೆ ಒಂದರ ಕೆಳಗೊಂದು ದೂರು, ಎಲ್ಲವೂ ಮನೆಗೆ ಕರೆತಂದ ರೇಣುಕಾ ಮೇಲೆ. ಬೆಳಗ್ಗೆ ಐದಕ್ಕೇ ಎದ್ದು ಪಾತ್ರೆ ಸದ್ದು ಮಾಡ್ತಾಳೆ. ನಾನು ಮಾಡಿದ ಸಾರಿನ ಉಪ್ಪು ನೋಡ್ತಾಳೆ. ಗ್ಯಾಸ್ ಬುಕ್ ಮಾಡಿದ್ರಾ ಅಂತ ಯಜಮಾನ್ರನ್ನೇ ಕೇಳ್ತಾಳೆ. ಚಪಾತಿ ಕದ್ದು ಬಟ್ಟೆ ನಡುವೆ ಇಡ್ತಾಳೆ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು: ಶಾಲೆಯಲ್ಲಿ ಗುಂಪು ಕಟ್ಟುತ್ತಾಳೆ.

"ಹೆಣ್ಣುಮಗು ಬೇಕು ಅಂತ ಆಸೆಪಟ್ಟು ಕರ್ಕೊಂಡು ಬಂದ್ವಿ ಮೇಡಂ. ಇವಳು ನೋಡಿದ್ರೆ ನನಗೇ ಅತ್ತೆ ಆಗಿ ಕೂತಿದ್ದಾಳೆ."

ನಗು ಬಂತು, ತಡೆದುಕೊಂಡೆ. ಅವರ ಕಣ್ಣಲ್ಲಿ ನೀರಿತ್ತು.

ರೇಣುಕಾಗೆ ಆಗ 15 ವರ್ಷ, ಹತ್ತನೇ ಕ್ಲಾಸು. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಅಪ್ಪ ಕುಡಿತಕ್ಕೆ ಬಿದ್ದು, ಕೂಲಿಗೆ ಅಂತ ಘಟ್ಟದ ಕಡೆ ಹೋದವರು ವಾಪಸ್ ಬರಲಿಲ್ಲ. ಅವಳೂ ತಮ್ಮನೂ ಮೊದಲು ಬಾಲಮಂದಿರಕ್ಕೆ ಬಂದರು. ಹುಡುಗಿಯರದ್ದು ಬೇರೆ, ಹುಡುಗರದ್ದು ಬೇರೆ ಕಟ್ಟಡ. ಒಂದೂವರೆ ವರ್ಷದ ನಂತರ, ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ ರೇಣುಕಾಳನ್ನು ಪೋಷಕತ್ವ ಯೋಜನೆಯಲ್ಲಿ ಸರೋಜಮ್ಮನ ಮನೆಗೆ ಕಳಿಸಿತು. ದತ್ತು ಬೇರೆ, ಇದು ಬೇರೆ. ಇಲ್ಲಿ ಮಗು ಒಂದು ಕುಟುಂಬದ ಜೊತೆ ಬೆಳೆಯುತ್ತದೆ, ಸಮಿತಿ ಆಗಾಗ ಪರಿಶೀಲಿಸುತ್ತದೆ, ಮಗುವಿನ ಖರ್ಚಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಿಂದ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ತಮ್ಮ ಬಾಲಮಂದಿರದಲ್ಲೇ ಉಳಿದ. ಒಡಹುಟ್ಟಿದವರನ್ನು ಆದಷ್ಟು ಒಟ್ಟಿಗೆ ಇಡಬೇಕು ಅನ್ನೋದು ನಮ್ಮ ಕೆಲಸದ ಮೊದಲ ಪಾಠ. ಆದರೆ ಸರೋಜಮ್ಮನದು ಎರಡು ಕೋಣೆಯ ಮನೆ. ಯಜಮಾನರು ಲೈನ್‌ಮ್ಯಾನ್, ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಒಬ್ಬಳನ್ನು ನೋಡಿಕೊಳ್ಳುತ್ತೇವೆ ಅಂದರು. ಸಮಿತಿ ಒಪ್ಪಿತು. ಸರಿಯಾಯಿತಾ ಅಂತ ನನಗೆ ಈಗಲೂ ಅನುಮಾನವಿದೆ.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಫೈಲು ಓದಿಕೊಂಡು ಕೂತಿದ್ದೆ. ಒಂಬತ್ತನೇ ವಯಸ್ಸಿಗೇ ಅಡುಗೆ, ತಮ್ಮನ ಸ್ನಾನ, ಶಾಲೆ ಎಲ್ಲ ನಿಭಾಯಿಸಿದ್ದಾಳೆ ಅಂತ ಅದರಲ್ಲಿತ್ತು. ಅವಳು ಬಂದ ಕೂಡಲೇ, "ನೀನು ಎಂಥ ಗಟ್ಟಿ ಹುಡುಗಿ ಮಾರಾಯ್ತಿ!" ಅಂದುಬಿಟ್ಟೆ. ಖುಷಿಯಾಗುತ್ತಾಳೆ ಅಂದುಕೊಂಡಿದ್ದೆ. ಮುಖ ಮುಚ್ಚಿದ ಬಾಗಿಲಿನ ಹಾಗಾಯಿತು. ಆ ದಿನ ಹೂಂ, ಉಹೂಂ ಬಿಟ್ಟು ಬೇರೇನೂ ಸಿಗಲಿಲ್ಲ. ಮೇಜಿನ ಮೇಲೆ ನಾಲ್ಕು ಬಿಸ್ಕತ್ತು ಇಟ್ಟಿದ್ದೆ. ಹೋಗುವಾಗ ಎರಡನ್ನು ಕರ್ಚೀಫಿನಲ್ಲಿ ಸುತ್ತಿಕೊಂಡಳು, ಎರಡನ್ನು ನನ್ನ ಕಡೆ ಸರಿಸಿದಳು. ಅವಳ ಪಾಲಿಗೆ ಒಂದೂ ಇಲ್ಲ.

ಮೂರನೇ ಭೇಟಿಯಲ್ಲಿ ಅವಳೇ ಆ ಮಾತು ತೆಗೆದಳು. "ಎಲ್ಲರೂ ಗಟ್ಟಿ ಅಂತಾರೆ ಮೇಡಂ. ಗಟ್ಟಿ ಅಂದ್ರೆ ಇನ್ನೊಂದು ಮೂಟೆ ಹೊರಿಸಬಹುದು ಅಂತ ಅಲ್ವಾ?"

ಇಪ್ಪತ್ತು ವರ್ಷದ ಅನುಭವ ಅಂತ ಹೇಳಿಕೊಳ್ಳುವ ನನಗೆ ಉತ್ತರ ಹೊಳೆಯಲಿಲ್ಲ. "ಹೌದು, ಹಾಗೂ ಆಗುತ್ತೆ" ಅಂದೆ. ಅಲ್ಲಿಂದ ಮಾತು ಶುರುವಾಯಿತು.

ಕಷ್ಟ ಏನು ಅಂತ ಕೇಳುವುದನ್ನು ಬಿಟ್ಟೆ. ಹತ್ತು ವರ್ಷದವಳಿದ್ದಾಗಿನ ಒಂದೇ ಒಂದು ದಿನ ಹೇಳು, ಬೆಳಗ್ಗೆಯಿಂದ ರಾತ್ರಿವರೆಗೆ, ಗಂಟೆ ಗಂಟೆಯದ್ದೂ ಬೇಕು ಅಂದೆ. ರೇಷನ್ ತಂದ ದಿನವನ್ನು ಆರಿಸಿಕೊಂಡಳು. ಬೆರಳಚ್ಚು ಕೊಡಲು ಅಪ್ಪ ಬೇಕು. ಹತ್ತು ಗಂಟೆಯ ಮೇಲೆ ಅಪ್ಪ ಕೈಗೆ ಸಿಗುವ ಸ್ಥಿತಿಯಲ್ಲಿ ಇರುವುದಿಲ್ಲ. ಸರ್ವರ್ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ಹಾಗಾಗಿ ಹಿಂದಿನ ಸಂಜೆಯೇ ನ್ಯಾಯಬೆಲೆ ಅಂಗಡಿಗೆ ಹೋಗಿ, ನಾಳೆ ಎಷ್ಟು ಹೊತ್ತಿಗೆ ತೆಗೀತೀರಿ ಅಂತ ಕೇಳಿಕೊಂಡು ಬರುತ್ತಿದ್ದಳಂತೆ. ರಾತ್ರಿ ಅಪ್ಪನ ಚಪ್ಪಲಿ ಬಚ್ಚಿಡುವುದು, ಬೆಳಗ್ಗೆ ಎಲ್ಲಿಗೂ ಹೋಗಬಾರದು ಅಂತ. ಆರಕ್ಕೆ ಎಬ್ಬಿಸಿ, ಕಾಫಿ ಕೊಟ್ಟು, ತಮ್ಮನ ಕೈಗೆ ಅಪ್ಪನ ಬೆರಳು ಹಿಡಿಸುವುದು. "ತಮ್ಮ ಹಿಡ್ಕೊಂಡ್ರೆ ಅಪ್ಪ ಬಿಡಿಸ್ಕೊಳ್ಳಲ್ಲ." ತಾನು ಮುಂದೆ ಓಡಿ ಸಾಲಿನಲ್ಲಿ ಚೀಲ ಇಡುವುದು.

ನಾನು ಒಂದು ಹಾಳೆಯಲ್ಲಿ ಬರೆಯುತ್ತಾ ಹೋದೆ. ಎಡಗಡೆ ಅವಳು ಮಾಡಿದ್ದು, ಬಲಗಡೆ ಅದಕ್ಕೆ ಬೇಕಾದ ಬುದ್ಧಿ. ಮೊದಲೇ ವಿಚಾರಿಸುವುದು. ಅಡ್ಡಿ ಎಲ್ಲಿಂದ ಬರುತ್ತದೆ ಅಂತ ಊಹಿಸುವುದು. ಯಾರ ಮಾತು ಯಾರ ಹತ್ತಿರ ನಡೆಯುತ್ತದೆ ಅಂತ ತಿಳಿದು ಅವರನ್ನೇ ಮುಂದೆ ಬಿಡುವುದು. ಹಾಳೆ ತಿರುಗಿಸಿ ತೋರಿಸಿದೆ. ತುಂಬಾ ಹೊತ್ತು ನೋಡಿದಳು. "ಇದು ಬುದ್ಧಿ ಅಂತ ಗೊತ್ತಿರ್ಲಿಲ್ಲ. ಹೊಟ್ಟೆಪಾಡು ಅಂದ್ಕೊಂಡಿದ್ದೆ" ಅಂದಳು. ಆಮೇಲೆ ಮೂರನೇ ಸಾಲಾಗಿ ನಾನು ಇನ್ನೊಂದು ಪ್ರಶ್ನೆ ಬರೆದೆ: ಈ ಕೆಲಸ ಯಾರು ಮಾಡಬೇಕಿತ್ತು? ಅದನ್ನು ಅವಳು ತುಂಬಲಿಲ್ಲ. ಅತ್ತಳು. ನನಗೆ ಗೊತ್ತಿದ್ದ ಹಾಗೆ ಅದೇ ಮೊದಲು.

ಬಲಗಡೆಯದ್ದು, ಮೂರನೆಯದ್ದು, ಎರಡೂ ಸಾಲು ಬೇಕು ಅಂತ ನನ್ನ ಅಭಿಪ್ರಾಯ. ಬಲಗಡೆಯದ್ದನ್ನಷ್ಟೇ ತೋರಿಸಿದರೆ ಮಗುವಿಗೆ ಶಾಲು ಹೊದಿಸಿ ಮತ್ತೆ ಮೂಟೆ ಹೊರಿಸಿದ ಹಾಗೆ. ಮೂರನೆಯದನ್ನಷ್ಟೇ ಕೇಳಿದರೆ ಅಯ್ಯೋ ಪಾಪ ಅಂದ ಹಾಗೆ. ನಮ್ಮ ವರದಿಗಳಲ್ಲಿ ಈ ಎರಡೇ ಥರದ ಮಕ್ಕಳು ಜಾಸ್ತಿ ಸಿಗುತ್ತಾರೆ.

ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಅವರ ತಂಡ ದಶಕಗಳ ಕಾಲ ಗಮನಿಸಿತ್ತು. ಬಡತನ, ಕುಡಿತ, ಜಗಳದ ಮನೆಗಳಿಂದ ಬಂದವರಲ್ಲೂ ಸುಮಾರು ಮೂರರಲ್ಲಿ ಒಬ್ಬರು ಚೆನ್ನಾಗಿಯೇ ಬೆಳೆದಿದ್ದರು. ಅಂಥವರ ಬಾಲ್ಯದಲ್ಲಿ ನಂಬಿಕೆಯ ಒಬ್ಬರಾದರೂ ದೊಡ್ಡವರು ಇದ್ದರು. ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ. ರೇಣುಕಾಗೆ ಅಂಥವರು ಯಾರು ಅಂತ ಕೇಳಿದೆ. ಯಾರೂ ಇಲ್ಲ ಅಂದಳು. ಐದು ನಿಮಿಷ ಬಿಟ್ಟು, "ಫಾತಿಮಜ್ಜಿ" ಅಂದಳು. ಅಪ್ಪ ಗಲಾಟೆ ಮಾಡಿದ ರಾತ್ರಿ ಇಬ್ಬರನ್ನೂ ತನ್ನ ಪಡಸಾಲೆಯಲ್ಲಿ ಮಲಗಿಸಿಕೊಳ್ಳುತ್ತಿದ್ದ ಅಜ್ಜಿ. ಅವರ ಮಗನ ಫೋನ್ ನಂಬರು ಬಾಯಿಪಾಠ ಇತ್ತು. ಮೂರು ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲ. "ಮಾಡಬಹುದಾ?" ಅಂತ ಕೇಳಿದಳು. ಇದನ್ನು ಅವಳಿಗೆ ಯಾರೂ ಹೇಳಿಯೇ ಇರಲಿಲ್ಲ ನೋಡಿ.

ಚಪಾತಿ ಕಳವಿನ ಗುಟ್ಟು ಸುಲಭದ್ದು. ಅಕ್ಕಪಕ್ಕದವರು ಯಾರೋ, ಸರ್ಕಾರದ ದುಡ್ಡಿಗೆ ಇಟ್ಕೊಂಡಿದ್ದಾರೆ ಅಂತ ಮಾತಾಡಿದ್ದು ಅವಳ ಕಿವಿಗೆ ಬಿದ್ದಿತ್ತು. ದುಡ್ಡು ನಿಂತರೆ ತಾನೂ ಹೊರಗೆ ಅಂತ ಲೆಕ್ಕ ಹಾಕಿದ್ದಳು. ಐದು ಗಂಟೆಗೆ ಏಳುವುದು ಅನ್ನದ ಋಣ ತೀರಿಸುವುದಕ್ಕೆ. ಚಪಾತಿ ಮುಚ್ಚಿಡುವುದು, ಒಂದು ವೇಳೆ ಬೇಕಾಗುತ್ತೆ ಅಂತ. ಅದರ ಮೇಲೆ ಸರೋಜಮ್ಮ ಬೇಜಾರಾದಾಗ, "ಹೀಗೇ ಮಾಡಿದ್ರೆ ವಾಪಸ್ ಬಿಟ್ಟು ಬರ್ತೀನಿ" ಅಂತ ಎರಡು ಸಲ ಅಂದಿದ್ದರು.

ಶಾಲೆಯ ವಿಷಯಕ್ಕೆ ಬರುತ್ತೇನೆ. ಹುಡುಗಿಯರ ಶೌಚಾಲಯದಲ್ಲಿ ತಿಂಗಳಿಂದ ನೀರಿರಲಿಲ್ಲ. ರೇಣುಕಾ ಮೂವತ್ತೊಂದು ಹುಡುಗಿಯರ ಸಹಿ ಹಾಕಿಸಿ ಮುಖ್ಯ ಶಿಕ್ಷಕರಿಗೆ ಮನವಿ ಕೊಟ್ಟಳು. ಅವಳ ಸಹಿ ಎಲ್ಲಿತ್ತು ಗೊತ್ತಾ? ಹದಿನೇಳನೆಯದು. ಯಾಕೆ ಅಂದೆ. "ಮೊದ್ಲು ನಂದಿದ್ರೆ ಬಾಲಮಂದಿರದ ಹುಡುಗಿ ಅಂತ ಅರ್ಜಿ ಎಸೀತಾರೆ. ಮೊದ್ಲನೇದು ಎಸ್‌ಡಿಎಂಸಿ ಅಧ್ಯಕ್ಷರ ಮಗಳದ್ದು ಹಾಕಿಸ್ದೆ." ಎಸ್‌ಡಿಎಂಸಿ ಅಂದರೆ ಶಾಲೆಯ ಉಸ್ತುವಾರಿ ಸಮಿತಿ. ಮತ್ತೆ ಅದೇ ವಿದ್ಯೆ. ಅಪ್ಪನ ಬೆರಳು ತಮ್ಮನ ಕೈಗೆ ಕೊಟ್ಟವಳು ಇವಳೇ ತಾನೆ. ಆದರೂ ಶಾಲೆಯವರಿಗೆ ಮೂಲ ಯಾರು ಅಂತ ಗೊತ್ತಾಯಿತು. ಸರೋಜಮ್ಮನನ್ನು ಕರೆಸಿ, ಹುಡುಗಿ ಗುಂಪು ಕಟ್ಟುತ್ತಾಳೆ, ಹದ್ದುಬಸ್ತಿನಲ್ಲಿಡಿ ಅಂದರು. ಅದೇ ಕೆಲಸವನ್ನು ಅಧ್ಯಕ್ಷರ ಮಗಳೇ ಮಾಡಿದ್ದರೆ ಮುಂದಿನ ಸಲ ಶಾಲಾ ಸಂಸತ್ತಿಗೆ ಅವಳೇ ಪ್ರಧಾನಿ ಅನ್ನುತ್ತಿದ್ದರು. ಈ ಮಾತನ್ನು ಶಾಲೆಯಲ್ಲಿ ಸ್ವಲ್ಪ ಮೆತ್ತಗೆ ಹೇಳಿ ಬಂದೆ.

ಸರೋಜಮ್ಮನಿಗೆ ಕೊಟ್ಟ ಸಲಹೆ ಹೀಗಿತ್ತು.

"ವಾಪಸ್" ಅನ್ನುವ ಪದ ಇವತ್ತಿನಿಂದ ಮನೆಯಲ್ಲಿ ಬೇಡ. ಎಷ್ಟೇ ಸಿಟ್ಟು ಬರಲಿ, ಬೈಯಿರಿ, ಮಾತು ಬಿಡಿ, ಆದರೆ ಅದೊಂದು ಬೇಡ. ನಿಮ್ಮ ಮಗನಿಗೆ ಮನೆ ಬಿಟ್ಟು ಹೋಗು ಅಂದರೆ ಅವನು ನಗುತ್ತಾನೆ. ಇವಳು ಬ್ಯಾಗು ಎಲ್ಲಿದೆ ಅಂತ ನೋಡುತ್ತಾಳೆ.

ಚಪಾತಿ ಹುಡುಕಬೇಡಿ. ಒಂದು ಡಬ್ಬಿ ಕೊಡಿ. ಚಕ್ಕುಲಿ, ಕಡ್ಲೆ ಮಿಠಾಯಿ, ಏನಾದರೂ ಕೆಡದ ತಿಂಡಿ ತುಂಬಿಡಿ. ಇದು ನಿನ್ನದು, ಖಾಲಿಯಾದರೆ ಹೇಳು ಅನ್ನಿ. ಲೆಕ್ಕ ಕೇಳಬೇಡಿ.

ಒಂದು ವಿಷಯ ಪೂರ್ತಿ ಅವಳಿಗೆ ಬಿಡಿ, ಒಂದು ಕೆಲಸ ಪೂರ್ತಿ ಅವಳಿಂದ ತೆಗೆಯಿರಿ. ಸುಮ್ನೆ ಅಡುಗೆಮನೆಯಿಂದ ಹೊರಗೆ ಕಳಿಸಿದರೆ ಅವಳಿಗೆ ಕೆಲಸ ಕಳೆದುಕೊಂಡ ಹಾಗಾಗುತ್ತೆ. ಇದನ್ನು ಇಬ್ಬರನ್ನೂ ಎದುರು ಕೂರಿಸಿಯೇ ಮಾತಾಡಿದೆವು. ತಿಂಗಳ ದಿನಸಿ ಪಟ್ಟಿ ರೇಣುಕಾದು. ಬೆಳಗಿನ ಪಾತ್ರೆ ಅವಳದ್ದಲ್ಲ. "ಪಟ್ಟಿ ಇವಳಿಗೆ ಕೊಟ್ರೆ ನಾನೇನು ಮಾಡ್ಲಿ?" ಅಂದರು ಸರೋಜಮ್ಮ. ನನಗೆ ಆಗ ಹೊಳೆಯಿತು. ಅವರಿಗೂ ಮನೆಯೊಂದೇ ರಾಜ್ಯ. ಅಲ್ಲಿ ಇನ್ನೊಬ್ಬಳು ದೊರೆಸಾನಿ ಬಂದಿದ್ದಳು. ಈ ಸಂಕಟವನ್ನು ನಾನು ಮೊದಲೇ ಕೇಳಬೇಕಿತ್ತು.

ಅಮ್ಮ ಅನ್ನು ಅಂತ ಒತ್ತಾಯ ಬೇಡ. ಅವಳಿಗೆ ಅಮ್ಮ ಇದ್ದರು. ಏನಂತ ಕರೆಯಬೇಕು ಅಂತ ಅವಳೇ ಹೇಳಲಿ. ಅದುವರೆಗೆ ಆಂಟಿ ಅಂತಿದ್ದವಳು ಒಂದು ವಾರ ಯೋಚಿಸಿ ದೊಡ್ಡಮ್ಮ ಅಂದಳು. ಅಮ್ಮನ ಜಾಗಕ್ಕೆ ಕೈ ಹಾಕದೆ ಅಮ್ಮನ ಅಕ್ಕನನ್ನೇ ಮಾಡಿಕೊಂಡಳು. ಸರೋಜಮ್ಮನಿಗೆ ಮೊದಲು ಸ್ವಲ್ಪ ಪೆಚ್ಚಾಯಿತು, ಆಮೇಲೆ ಹಿಡಿಸಿತು.

ತಮ್ಮನ ವಿಷಯವನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಜೊತೆ ಮಾತಾಡಿದೆ. ತಿಂಗಳಿಗೊಮ್ಮೆ ಇದ್ದ ಭೇಟಿ ವಾರಕ್ಕೊಮ್ಮೆ ಆಯಿತು. ಸಮಿತಿಯ ಅನುಮತಿಯಿಂದ ಹಬ್ಬಕ್ಕೆ ಮನೆಗೆ ಬರಬಹುದು. ಇದಕ್ಕಿಂತ ಮುಖ್ಯವಾದದ್ದು, ಅವನ ಜ್ವರ, ಪುಸ್ತಕ, ಮಾರ್ಕ್ಸು ಎಲ್ಲ ನೋಡಿ ಪ್ರತಿ ಶನಿವಾರ ಇವಳಿಗೆ ಹೇಳುವ ಹೊಣೆ ಅಲ್ಲಿನ ಒಬ್ಬ ಸಿಬ್ಬಂದಿಗೆ ಬಿತ್ತು. ಅಕ್ಕನಾಗಿ ಉಳಿಯಲಿ, ಅಮ್ಮನ ಡ್ಯೂಟಿ ಬೇರೆಯವರು ಮಾಡಲಿ ಅಂತ. ಮೊದಲ ಎರಡು ಶನಿವಾರ ಫೋನ್ ಬರಲಿಲ್ಲ. ಮೂರನೆಯದಕ್ಕೆ ನಾನೇ ಜೋರು ಮಾಡಿದೆ.

ಕಾಗದದ ಕೆಲಸವೂ ಒಂದಿತ್ತು. ಇಂಥ ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಇರುತ್ತದೆ. ಇವಳದ್ದರಲ್ಲಿ, "ಹೊಂದಾಣಿಕೆ ಕಡಿಮೆ, ಹಟಮಾರಿ" ಅಂತ ಇತ್ತು. ಅದನ್ನು ಅಳಿಸಿ ಹೊಗಳಿಕೆ ಬರೆಯಲಿಲ್ಲ. ನೀರಿನ ಮನವಿ, ರೇಷನ್ ದಿನ, ಎರಡನ್ನೂ ನಡೆದ ಹಾಗೆ ಬರೆದೆ. ಮುಂದಿನ ಪರಿಶೀಲನೆಗೆ ಅವಳೇ ಬಂದು ಸಮಿತಿ ಮುಂದೆ ಮಾತಾಡಲಿ ಅಂತ ಕೇಳಿಕೊಂಡೆ. ಮಗುವಿನ ಮಾತು ಕೇಳಬೇಕು ಅಂತ ಕಾಯ್ದೆಯಲ್ಲೇ ಇದೆ, ಯಾರ ಉಪಕಾರವೂ ಅಲ್ಲ. ಬಂದಳು. ಒಂದೇ ಪ್ರಶ್ನೆ ಕೇಳಿದಳು: "ಹದಿನೆಂಟಾದ ಮೇಲೆ ನಾನೆಲ್ಲಿರ್ತೀನಿ?" ಸಂಸ್ಥೆಯಿಂದ ಹೊರಬರುವವರಿಗೆ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ನೆರವು ಕೊಡಲು ಅವಕಾಶವಿದೆ, ತಮ್ಮನಿಗೆ ಅದು ಗೊತ್ತಿರಲಿ ಅಂತ ಸಮಿತಿಯ ಅಧ್ಯಕ್ಷರು ವಿವರಿಸುತ್ತಿದ್ದರು. ಅಷ್ಟೂ ಹೊತ್ತು ಬಾಯಿ ಬಿಡದ ಸರೋಜಮ್ಮನ ಯಜಮಾನರು, "ಅವ್ಳ ರೂಮಿಗೆ ಫ್ಯಾನ್ ಹಾಕ್ಸಿದ್ದೀನಿ ಸಾರ್. ಎಲ್ಲಿಗೆ ಹೋಗ್ತಾಳೆ?" ಅಂದರು.

ಶಾಲೆಯಲ್ಲಿ ಮೋಟಾರು ರಿಪೇರಿಯಾಗಿ ನೀರು ಬಂತು. ಆಮೇಲೆ ಶಾಲೆಯ ಧಾಟಿಯೇ ಬದಲಾಯಿತು. ನವೆಂಬರ್ 14ಕ್ಕೆ ವೇದಿಕೆಗೆ ಕರೆದು, ಅನಾಥ ಬಾಲಕಿಯ ಸಾಧನೆ ಅಂತ ಸನ್ಮಾನ ಮಾಡಿ, ಪತ್ರಿಕೆಗೂ ಕೊಡುತ್ತೇವೆ ಅಂದರು. 74ನೇ ಸೆಕ್ಷನ್ ನೆನಪಿಸಿದೆ. ರೇಣುಕಾ ಇನ್ನೂ ಚೆನ್ನಾಗಿ ಹೇಳಿದಳು. "ನನ್ನ ಕಥೆ ಬೇಡ. ನೀರು ಬರ್ತಿದೆಯಾ ಅಂತ ದಿನಾ ನೋಡೋಕೆ ಒಂದು ಪುಸ್ತಕ ಇಡಿ, ಸಾಕು." ಹಿಂದಿ ಟೀಚರ್ ಒಂದು ನೋಟ್‌ಬುಕ್ ಕೊಟ್ಟರು. ಎಂಟನೇ ಕ್ಲಾಸಿನ ಇಬ್ಬರು ಹುಡುಗಿಯರು ಈಗ ಬರೆಯುತ್ತಾರೆ. ಇವಳು ಹೇಗೆ ಅಂತ ತೋರಿಸಿಕೊಟ್ಟು ಕೈ ಬಿಟ್ಟಿದ್ದಾಳೆ. ಕೈ ಬಿಟ್ಟದ್ದೇ ನನಗೆ ಹೆಚ್ಚು ಸಮಾಧಾನ.

ಎಲ್ಲವೂ ಸುಖಾಂತ್ಯ ಅಂತಲ್ಲ. ತಮ್ಮ ಇನ್ನೂ ಬಾಲಮಂದಿರದಲ್ಲೇ ಇದ್ದಾನೆ. ಅವನನ್ನು ಬಿಟ್ಟು ಬರುವ ಸಂಜೆ ಇವಳು ಊಟ ಮಾಡುವುದಿಲ್ಲ. ಉಪ್ಪಿನ ಜಗಳ ನಡೆಯುತ್ತಲೇ ಇದೆ.

ನಾಲ್ಕನೇ ತಿಂಗಳು ಸರೋಜಮ್ಮ ಫೋನ್ ಮಾಡಿದರು. ದನಿಯಲ್ಲಿ ಮತ್ತೆ ದೂರು.

"ಮೇಡಂ, ಭಾನುವಾರ ಒಂಬತ್ತು ಗಂಟೆ ಆದ್ರೂ ಏಳಲ್ಲ ಇವಳು."

"ಎಬ್ಬಿಸಿದ್ರಾ?"

"ಇಲ್ಲಪ್ಪ. ಉಪ್ಪಿಟ್ಟು ಮುಚ್ಚಿಟ್ಟಿದ್ದೀನಿ."