ಕೂದಲು ಉದುರುವುದಕ್ಕೆ ಹಿರೇಮದ್ದು ತಿನ್ನಬಹುದಾ?

ಅಕ್ಕಾ, ಅಪ್ಪ ತೀರಿಕೊಂಡು ಮೂರು ತಿಂಗಳಾಯ್ತು, ಈಗ ತಲೆ ಬಾಚಿದರೆ ಹಣಿಗೆ ತುಂಬ ಕೂದಲು ಬರುತ್ತಿದೆ, ಹೊಲದ ಬದುವಿನಲ್ಲಿರುವ ಹಿರೇಮದ್ದಿನ, ಅಂದರೆ ಅಶ್ವಗಂಧದ ಎಲೆ, ಬೇರು ತಿನ್ನಬಹುದಾ ಎಂದು ಕೇಳಿದ್ದೀರಿ. ಓದಿ ತುಂಬಾ ಬೇಜಾರಾಯಿತು.

ಆ ಮೂರು ತಿಂಗಳಲ್ಲೇ ಉತ್ತರ ಇದೆ. ಮನಸ್ಸಿಗೋ ಮೈಗೋ ದೊಡ್ಡ ಪೆಟ್ಟು ಬಿದ್ದಾಗ ಎಷ್ಟೋ ಕೂದಲು ಒಟ್ಟಿಗೆ ಬೆಳೆಯುವುದನ್ನು ನಿಲ್ಲಿಸುತ್ತವೆ. ಆದರೆ ಆಗಲೇ ಬೀಳುವುದಿಲ್ಲ. ಎರಡು ಮೂರು ತಿಂಗಳು ಸುಮ್ನೆ ನಿಂತಿದ್ದು ಆಮೇಲೆ ಉದುರುತ್ತವೆ. ಬುಡ ಸತ್ತಿರುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ತಾನಾಗಿಯೇ ಕಡಿಮೆಯಾಗುತ್ತದೆ. ಟೈಫಾಯ್ಡ್ ಆದ ಮೇಲೆ ನನಗೂ ಹೀಗೇ ಆಗಿತ್ತು, ಹಣೆಯ ಅಂಚಿನಲ್ಲಿ ಮರಿಕೂದಲು ಕಂಡಾಗಲೇ ಧೈರ್ಯ ಬಂದಿದ್ದು.

ಹಾಗಾಗಿ ಮೊದಲು ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಎಂದು ತೋರಿಸುವುದು), ಥೈರಾಯ್ಡ್. ಕಬ್ಬಿಣಾಂಶ ಕಡಿಮೆ ಇದ್ದರೆ ಯಾವ ಬೇರು ತಿಂದರೂ ಕೂದಲು ನಿಲ್ಲುವುದಿಲ್ಲ.

ಇನ್ನು ನಮ್ಮ ಹಿರೇಮದ್ದು. ಮಡಕಶಿರಾ ಕಡೆ ತೆಲುಗಿನವರು ಪೆನ್ನೇರು ಅನ್ನುತ್ತಾರೆ, ಅದೇ ಗಿಡ. ಇದು ನೇರವಾಗಿ ಕೂದಲಿನ ಔಷಧಿ ಅಲ್ಲ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 64 ಜನರಲ್ಲಿ ಅರ್ಧದಷ್ಟು ಜನರಿಗೆ ಬೇರಿನ ಸಾರ 300 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 60 ದಿನ ಕೊಟ್ಟಿದ್ದರು. ಅವರ ಒತ್ತಡವೂ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನೂ ಕಡಿಮೆಯಾಗಿದ್ದವು. ಒತ್ತಡ ಇಳಿದು ನಿದ್ದೆ ಸರಿಹೋದರೆ ಕೂದಲಿಗೂ ಒಳ್ಳೆಯದೇ ಅಲ್ವಾ. ಅಷ್ಟು ಆಸೆ ಇಟ್ಟುಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ.

ಎಲೆ ಮಾತ್ರ ತಿನ್ನಬೇಡಿ. 2021ರಲ್ಲಿ ಆಯುಷ್ ಸಚಿವಾಲಯವೇ ಔಷಧಿ ತಯಾರಕರಿಗೆ ಎಲೆ ಬಳಸಬೇಡಿ ಎಂದು ಹೇಳಿತು. ಆಯುರ್ವೇದದಲ್ಲಿ ಬೇರಿನ ಪುಡಿಯ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. ವೈದ್ಯರು ಸರಿ ಅಂದರೆ ಕಡಿಮೆಯಿಂದ ಶುರು ಮಾಡಿ, ರಾತ್ರಿ ಬಿಸಿ ಹಾಲಿನಲ್ಲಿ. ಬಸುರಿಯರು ಮುಟ್ಟಲೇಬಾರದು. ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿಪಿ, ನಿದ್ದೆ ಮಾತ್ರೆ, ಇವುಗಳಲ್ಲಿ ಯಾವುದಿದ್ದರೂ ಕೇಳದೆ ತಿನ್ನಬೇಡಿ. ಅಪರೂಪಕ್ಕೆ ಲಿವರ್‌ಗೆ ತೊಂದರೆ ಆಗಿದ್ದೂ ಇದೆ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ನಿಮ್ಮ ಗಿಡದ ಹಣ್ಣು ಇನ್ನೂ ಹಸಿರಿದ್ದರೆ ಈಗ ಕೀಳಬೇಡಿ. ಬಿತ್ತಿ ಐದಾರು ತಿಂಗಳಾಗಿ, ಎಲೆ ಒಣಗಿ, ಹಣ್ಣು ಕೆಂಪಾದ ಮೇಲೆ ಬೇರು ಅಗೆದು, ತೊಳೆದು, ತುಂಡು ಮಾಡಿ ಚೆನ್ನಾಗಿ ಒಣಗಿಸಿ. ಒಣಗಿದ ಬೇರು ಪಟ್ಟಂತ ಮುರಿಯಬೇಕು, ಒಳಗೆ ಬೆಳ್ಳಗಿರಬೇಕು. ಬೂಷ್ಟು ಹಿಡಿದಿದ್ದರೆ ಪುಡಿ ಮಾಡಬೇಡಿ, ಎಸೆದುಬಿಡಿ.