ನಿಧಾನದ ಪ್ರೆಸ್ಸೇ ಸಾಕು
ಸರ್, 68ನೇ ವಯಸ್ಸಿನಲ್ಲಿ ಪಿಸ್ತೂಲಿನ ಗುಂಡು ರೀಲೋಡ್ ಮಾಡಲು, ಅಂದರೆ ಹಾರಿಸಿದ ಗುಂಡಿನ ಖಾಲಿ ಕೇಸ್‌ಗೆ (ಲೋಹದ ಕವಚಕ್ಕೆ) ಪೌಡರ್ (ಮದ್ದು) ಹಾಕಿ ಮತ್ತೆ ಗುಂಡು ಕೂರಿಸಲು, ಯಾವ ಪ್ರೆಸ್ (ಹಿಡಿ ಎಳೆದು ಒತ್ತುವ ಯಂತ್ರ) ಒಳ್ಳೆಯದು ಎಂದು ಕೇಳಿದ್ದೀರಿ. ನಿಮ್ಮಲ್ಲಿ ಕಾನೂನಿನ ಅಡ್ಡಿ ಇಲ್ಲದಿದ್ದರೆ ಸಿಂಗಲ್ ಸ್ಟೇಜ್ ತೆಗೆದುಕೊಳ್ಳಿ. ಹಿಡಿಯನ್ನು ಒಮ್ಮೆ ಎಳೆದರೆ ಒಂದೇ ಕೆಲಸ. ನಿಧಾನ, ನಿಜ. ನಮಗೇನು ಅವಸರ, ಅಲ್ವಾ?

ದೊಡ್ಡ ಭಯ ಡಬಲ್ ಚಾರ್ಜ್‌ನದು, ಅಂದರೆ ಒಂದೇ ಕೇಸ್‌ಗೆ ಎರಡು ಸಲ ಪೌಡರ್ ಬೀಳುವುದು. ಪಿಸ್ತೂಲಿನ ಕೇಸ್‌ಗೆ ಪೌಡರ್ ಸ್ವಲ್ಪವೇ ಸಾಕು. ಹಾಗಾಗಿ ಎರಡು ಸಲ ಬಿದ್ದರೂ ಎಷ್ಟೋ ಬಾರಿ ಹೊರಗೆ ಚೆಲ್ಲುವುದಿಲ್ಲ. ನಾನು 50 ಕೇಸ್‌ಗಳನ್ನು ಟ್ರೇಯಲ್ಲಿ ನಿಲ್ಲಿಸಿ, ಟಾರ್ಚ್ ಬಿಟ್ಟು ಒಂದೊಂದರೊಳಗೂ ಇಣುಕುತ್ತೇನೆ. ಮಟ್ಟ ಜಾಸ್ತಿ ಅನ್ನಿಸಿದರೆ ಸುರಿದು ಮತ್ತೆ ತೂಗುತ್ತೇನೆ. ಮೇಜಿನ ಮೇಲೆ ಒಂದೇ ಪೌಡರ್ ಡಬ್ಬಿ, ಫೋನ್ ಬೇರೆ ಕೋಣೆಯಲ್ಲಿ. ಪೌಡರ್ ಅಳತೆ ರೀಲೋಡಿಂಗ್ ಮ್ಯಾನುಯಲ್‌ನದೇ ಇರಲಿ, ಗೆಳೆಯರ ಬಾಯಿಮಾತಿನದು ಬೇಡ.

ದುಡ್ಡು ಉಳಿಯುತ್ತದೆ ಎಂದು ಮಾತ್ರ ನಂಬಬೇಡಿ, ಸುಮ್ನೆ ಜಾಸ್ತಿ ಗುಂಡು ಹೊಡೆಯುತ್ತೀರಿ! ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸೀಸ ಅಂಟಿರುತ್ತದೆ.